ಚೆರಿಯೋ, ನಾಯಿಯೋ?

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿಗೆ ನೋಡಲು ಕಲಿಸುವ ವಿದ್ಯೆಯಲ್ಲಿ 2012ಕ್ಕೆ ಮೊದಲು, ಆಮೇಲೆ ಎಂದು ಕಾಲವನ್ನು ಎರಡು ಮಾಡಿ ಮಾತನಾಡುವ ರೂಢಿಯಿದೆ. ಆ ಗೆರೆ ಎಳೆದವರು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ. ಜೊತೆಗಿದ್ದವರು ಸಹಪಾಠಿ ಇಲ್ಯಾ ಸುಟ್ಸ್‌ಕೆವರ್, ಮಾರ್ಗದರ್ಶಕರು ಜೆಫ್ರಿ ಹಿಂಟನ್. ಕೆಲಸ ನಡೆದದ್ದು ಅಲೆಕ್ಸ್ ಅವರ ತಂದೆತಾಯಿಯ ಮನೆಯ ಮಲಗುವ ಕೋಣೆಯಲ್ಲಿ, ವಿಡಿಯೊ ಗೇಮ್ ಆಡುವವರು ಕೊಳ್ಳುವಂಥ ಎರಡು ಗ್ರಾಫಿಕ್ಸ್ ಕಾರ್ಡುಗಳ ಮೇಲೆ.

ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹವನ್ನು ಬಳಸಿ ನಡೆಸುತ್ತಿದ್ದ ಸ್ಪರ್ಧೆ ಅದು. ಸುಮಾರು 12 ಲಕ್ಷ ಚಿತ್ರಗಳಿಂದ ಯಂತ್ರ ಪಾಠ ಕಲಿಯಬೇಕು. ಆಮೇಲೆ ಹೊಸ ಚಿತ್ರ ತೋರಿಸಿದರೆ 1000 ಹೆಸರುಗಳಲ್ಲಿ ಅದು ಯಾವುದೆಂದು ಹೇಳಬೇಕು. ಐದು ಊಹೆಗೆ ಅವಕಾಶವಿತ್ತು. ಐದರಲ್ಲೂ ಸರಿಯುತ್ತರ ಇಲ್ಲದಿದ್ದರೆ ತಪ್ಪು. ಎರಡನೆಯ ಸ್ಥಾನ ಪಡೆದ ತಂಡ ಶೇ 26.2ರಷ್ಟು ತಪ್ಪಿದರೆ, ಇವರ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ತಾನೇ ಕಲಿಯುವ ಲೆಕ್ಕಾಚಾರದ ಜಾಲ, ತಪ್ಪಿದ್ದು ಶೇ 15.3ರಷ್ಟು ಮಾತ್ರ. ವರ್ಷವರ್ಷವೂ ಅಲ್ಪಸ್ವಲ್ಪ ಸುಧಾರಣೆಗೇ ತೃಪ್ತಿಪಡುತ್ತಿದ್ದ ಕ್ಷೇತ್ರದಲ್ಲಿ ಇದು ಭಾರಿ ಜಿಗಿತ.

ಅಂಚು ಹೇಗಿರುತ್ತದೆ, ಬಣ್ಣ ಹೇಗಿರುತ್ತದೆ ಎಂದು ಯಾರೂ ಅದಕ್ಕೆ ಬರೆದುಕೊಡಲಿಲ್ಲ. ಅದರೊಳಗಿದ್ದ ಆರು ಕೋಟಿ ಸಂಖ್ಯೆಗಳು ಐದಾರು ದಿನ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ತಾವಾಗಿ ಹೊಂದಿಕೊಂಡವು. ಒಂದು ಕಾರ್ಡಿನ 3 ಗಿಗಾಬೈಟ್ ಸ್ಮೃತಿ ಸಾಲದೆ ಜಾಲವನ್ನು ಎರಡು ಕಾರ್ಡುಗಳಿಗೆ ಹಂಚಲಾಗಿತ್ತು. ಒಂದು ಕಾರ್ಡು ಬಹುಮಟ್ಟಿಗೆ ಬಣ್ಣದ ಗೊಡವೆಯಿಲ್ಲದೆ ಗೆರೆ, ಅಂಚುಗಳನ್ನು ಗುರುತಿಸುವುದನ್ನು ಕಲಿತಿತು. ಇನ್ನೊಂದು ಬಣ್ಣಗಳನ್ನು ಹಿಡಿಯಿತು. ಹೀಗೆ ಪಾಲು ಮಾಡಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಪ್ರತಿ ಸಲ ಹೊಸದಾಗಿ ಕಲಿಸಿದಾಗಲೂ ಇದೇ ಪಾಲು! ಸ್ಪರ್ಧೆಯ ಗೆಲುವಿಗಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಇದು.

ಅವರ ಪ್ರಬಂಧದಲ್ಲಿ ಅಚ್ಚಾದ ಒಂದು ಪರೀಕ್ಷಾ ಚಿತ್ರವನ್ನಂತೂ ಹೇಳಲೇಬೇಕು. ಮುಂದೆ ಕೆಂಪು ಚೆರಿ ಹಣ್ಣುಗಳು, ಹಿಂದೆ ಕಪ್ಪು ಚುಕ್ಕೆಯ ಡಾಲ್ಮೇಷಿಯನ್ ನಾಯಿ. ಯಂತ್ರದ ಮೊದಲ ಉತ್ತರ ಡಾಲ್ಮೇಷಿಯನ್. ದ್ರಾಕ್ಷಿಯೂ ಅದರ ಐದು ಊಹೆಗಳಲ್ಲಿತ್ತು, ಚೆರಿ ಮಾತ್ರ ಇರಲಿಲ್ಲ. ಸರಿಯುತ್ತರವೆಂದು ಬರೆದಿದ್ದದ್ದು ಚೆರಿ. ಹಾಗಾಗಿ ಅಂಕ ಸೊನ್ನೆ. ನಾಯಿ ಕಣ್ಣೆದುರಿಗೇ ಇರುವಾಗ ಇದನ್ನು ತಪ್ಪು ಎನ್ನಲು ನನಗೆ ಮನಸ್ಸು ಬಾರದು. ಯಾವುದನ್ನು ನೋಡಬೇಕಿತ್ತು ಎಂಬುದೇ ಇಲ್ಲಿ ಅಸ್ಪಷ್ಟ ಎಂದು ಲೇಖಕರೂ ಒಪ್ಪಿದ್ದಾರೆ.

ಹಾಗಾದರೆ ಸರಿಯುತ್ತರ ಬರೆದವರು ಯಾರು? ಕಂಪ್ಯೂಟರ್ ವಿಜ್ಞಾನಿ ಫೇ-ಫೇ ಲಿ ಅವರ ತಂಡ ಇಮೇಜ್‌ನೆಟ್ ಕಟ್ಟಿದಾಗ ಅಂತರ್ಜಾಲದಿಂದ ಚಿತ್ರಗಳನ್ನು ಒಟ್ಟುಮಾಡಿ, ಅಮೆಜಾನಿನ ಮೆಕ್ಯಾನಿಕಲ್ ಟರ್ಕ್ ಎಂಬ ತಾಣದ ಮೂಲಕ ಹಲವು ದೇಶಗಳ ಸಾವಿರಾರು ಜನರಿಗೆ ಚಿಲ್ಲರೆ ಕೂಲಿ ಕೊಟ್ಟು, ಒಂದೊಂದು ಚಿತ್ರದಲ್ಲಿ ಏನಿದೆ ಎಂದು ಅವರಿಂದ ಪರಿಶೀಲನೆ ಮಾಡಿಸಿತ್ತು. ಹಿಂಟನ್ ಅವರಿಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತು. ಚಿತ್ರಗಳಿಗೆ ಗುರುತು ಹಚ್ಚಿದ ಆ ಸಾವಿರಾರು ಜನರ ಹೆಸರು ಯಾವ ಪ್ರಬಂಧದ ತಲೆಯ ಮೇಲೂ ಇಲ್ಲ.

ನಮಸ್ಕಾರ.