ಬೇಕಾದಂತೆ ತಿದ್ದಿದ ಇಲಿ

ಕೇಳುಗರಿಗೆ ನಮಸ್ಕಾರ.

ಮಂಗನ ಕಾಯಿಲೆ ಏನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಆ ರೋಗ ಕಂಡಾಗ, ಅದರ ವೈರಸ್ಸನ್ನು ಹಿಡಿಯಲು ನೆರವಾದದ್ದು ಎಳೆಯ ಇಲಿಮರಿಗಳು. ಎಲ್ಲ ರೋಗಕ್ಕೂ ಇಲಿ ಹೀಗೆ ಮೈಯೊಡ್ಡುವುದಿಲ್ಲ. 2020ರಲ್ಲಿ ಹಬ್ಬಿದ ಕೊರೊನಾ ವೈರಸ್ ಸಾಮಾನ್ಯ ಇಲಿಗೆ ಅಂಟಲೇ ಇಲ್ಲ. ವೈರಸ್ ಒಳಹೊಕ್ಕುವ ಎಸಿಇ2 ಎಂಬ ಪ್ರೋಟೀನು ಇಲಿಯಲ್ಲಿ ಬೇರೆ ತೆರನಾಗಿದೆ. ಆಗ ಕೈಹಿಡಿದದ್ದು, ಹಿಂದೆ ಸಾರ್ಸ್ ಎಂಬ ಉಸಿರಾಟದ ರೋಗದ ಅಧ್ಯಯನಕ್ಕೆಂದು ಮನುಷ್ಯನ ಎಸಿಇ2 ಜೀನ್ ಸೇರಿಸಿ ಸಿದ್ಧಪಡಿಸಿದ್ದ ಇಲಿ.

ಇಂಥ ಇಲಿಯನ್ನು ಮಾಡುವುದು ಹೇಗೆ? ಹಳೆಯ ವಿಧಾನ ಹೀಗಿದೆ: ಆಗತಾನೇ ಫಲಿತಗೊಂಡ ಅಂಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಹೊಸ ಜೀನನ್ನು ಒಳಸೇರಿಸುತ್ತಾರೆ. ಆಮೇಲೆ ಬಾಡಿಗೆ ತಾಯಿ ಬೇಕು. ವ್ಯಾಸೆಕ್ಟಮಿ ಆದ ಗಂಡಿನೊಡನೆ ಹೆಣ್ಣಿಲಿಯನ್ನು ಕೂಡಿಸುತ್ತಾರೆ; ಬಸಿರಾಗದಿದ್ದರೂ ಅದರ ಮೈ ಬಸಿರಿಗೆ ಅಣಿಯಾಗುತ್ತದೆ. ತಿದ್ದಿದ ಅಂಡಗಳನ್ನು ಅದರೊಳಗಿಟ್ಟರೆ ಸುಮಾರು ಇಪ್ಪತ್ತು ದಿನಕ್ಕೆ ಮರಿಗಳು. 1982ರಲ್ಲಿ ರ್‍ಯಾಟ್ ಎಂಬ ದೊಡ್ಡ ಜಾತಿಯ ಇಲಿಯ ಬೆಳವಣಿಗೆ ಹಾರ್ಮೋನಿನ ಜೀನ್ ಪಡೆದ ಇಲಿಗಳು ಒಡಹುಟ್ಟಿದವಕ್ಕಿಂತ ಬಹಳ ದೊಡ್ಡದಾಗಿ ಬೆಳೆದು ಸುದ್ದಿಯಾದವು. ತೊಡಕೆಂದರೆ, ಜೀನ್ ಎಲ್ಲಿ ಕೂರುತ್ತದೆಂಬುದು ಯಾರ ಹತೋಟಿಯಲ್ಲೂ ಇರಲಿಲ್ಲ.

ಇರುವ ಜೀನೊಂದನ್ನೇ ಕೆಡಿಸಬೇಕಾದರೆ ಇನ್ನೊಂದು ದಾರಿ. ನನಗೆ ಅಚ್ಚುಮೆಚ್ಚಿನದೂ ಇದೇ. ಕಂದು ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ, ಅಂದರೆ ಮೈಯ ಯಾವ ಭಾಗವಾಗಿಯೂ ಬೆಳೆಯಬಲ್ಲ ಕೋಶಗಳಲ್ಲಿ, ಆ ಜೀನನ್ನು ಕೆಡಿಸಿ, ಕರಿ ಇಲಿಯ ಎಳೆಯ ಭ್ರೂಣಕ್ಕೆ ಸೇರಿಸುತ್ತಾರೆ. ಹುಟ್ಟುವ ಮರಿಯ ಮೈಯಲ್ಲಿ ಕರಿ, ಕಂದು ಪಟ್ಟೆಗಳು! ಅದನ್ನು ಮತ್ತೆ ಕರಿ ಇಲಿಯೊಡನೆ ಕೂಡಿಸಿದಾಗ ಕಂದು ಮರಿ ಹುಟ್ಟಿದರೆ, ಕಾಂಡಕೋಶದಿಂದಲೇ ವೀರ್ಯವೋ ಅಂಡವೋ ಆಗಿದೆಯೆಂದು ಅರ್ಥ. ಅಂಥ ಕಂದು ಮರಿಗಳಲ್ಲಿ ಅರ್ಧದಷ್ಟಕ್ಕೆ ಕೆಟ್ಟ ಜೀನ್ ಬಂದಿರುತ್ತದೆ. ಹಾಗೆ ಬಂದವನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕರಲ್ಲೊಂದು ಮರಿಗೆ ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು, ಹೀಗೆ ಆ ಜೀನಿನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ವಿಜ್ಞಾನಿಗಳಾದ ಕಪೆಚ್ಚಿ, ಇವಾನ್ಸ್, ಸ್ಮಿತೀಸ್ ಈ ದಾರಿ ತೆರೆದದ್ದಕ್ಕೆ 2007ರ ನೊಬೆಲ್ ಪಡೆದರು.

2013ರಿಂದ ಡಿಎನ್‌ಎಯನ್ನು ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿ ಬಂದಿದೆ. ಫಲಿತ ಅಂಡದಲ್ಲೇ ಗುರಿಯಿಟ್ಟ ಜಾಗವನ್ನು ಕತ್ತರಿಸುವುದರಿಂದ ವರ್ಷ ಹಿಡಿಯುತ್ತಿದ್ದ ಕೆಲಸ ತಿಂಗಳುಗಳಿಗೆ ಇಳಿದಿದೆ. ಆದರೂ ಕತ್ತರಿ ಕೆಲವೊಮ್ಮೆ ಬೇರೆ ಕಡೆಯೂ ಬೀಳುತ್ತದೆ. ಹೀಗಾಗಿ ಮರಿಯ ಬಾಲದ ಅಥವಾ ಕಿವಿಯ ಚೂರು ತೆಗೆದು ಡಿಎನ್‌ಎ ಪರೀಕ್ಷಿಸಲೇಬೇಕು.

ಪರೀಕ್ಷೆಯಲ್ಲಿ ಬೇಡವೆನಿಸಿದ ಮರಿಗಳು ಏನಾಗುತ್ತವೆ? ಬಹುಪಾಲನ್ನು ಕೊಲ್ಲುತ್ತಾರೆ. ಸಾಧನೆಯ ವರದಿಗಳಲ್ಲಿ ಈ ಮಾತು ಅಷ್ಟಾಗಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಎಷ್ಟು ಇಲಿ ಬೇಕು, ಏಕೆ ಅಷ್ಟೇ ಬೇಕು ಎಂಬುದನ್ನು ಅರ್ಜಿಯಲ್ಲಿ ಮೊದಲೇ ಬರೆದು ಕೊಡಬೇಕು.

ನಮಸ್ಕಾರ.