ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತದೆ?

ಕೇಳುಗರೇ, ನಮಸ್ಕಾರ.

1871ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ದೊಡ್ಡದೊಂದು ಚಿತ್ರಪ್ರದರ್ಶನ ನಡೆಯಿತು. ಹಾನ್ಸ್ ಹೋಲ್‌ಬೈನ್ ಎಂಬ ಹಳೆಯ ಚಿತ್ರಕಾರನ ಹೆಸರಿನಲ್ಲಿದ್ದ ಎರಡು ಮೇರಿಮಾತೆಯ ಚಿತ್ರಗಳು ಅಲ್ಲಿದ್ದವು. ನೋಡಲು ಹೆಚ್ಚುಕಡಿಮೆ ಒಂದೇ ಥರ. ಯಾವುದು ಅಸಲಿ, ಯಾವುದು ನಕಲು ಅಂತ ಪಂಡಿತರ ನಡುವೆ ಜೋರು ವಾದ ನಡೆದಿತ್ತು. ಗುಸ್ತಾವ್ ಫೆಕ್ನರ್ ಎಂಬ ವಿಜ್ಞಾನಿಗೆ ಮಾತ್ರ ಬೇರೆಯೇ ಕುತೂಹಲ. ನೋಡಲು ಬಂದ ಜನರಿಗೆ ಯಾವುದು ಹಿಡಿಸುತ್ತದೆ? ಆತ ಚಿತ್ರಗಳ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು, ನಿಮ್ಮ ಅಭಿಪ್ರಾಯ ಬರೆಯಿರಿ ಅಂತ ಕೇಳಿಕೊಂಡ. ಬಂದವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಬರೆದವರು 113 ಜನ. ಅದರಲ್ಲೂ ಎಷ್ಟೋ ಉತ್ತರಗಳು ಕೇಳಿದ್ದಕ್ಕೆ ಸರಿಹೊಂದುವಂತಿರಲಿಲ್ಲ, ಬಿಡಬೇಕಾಯಿತು.

ಈ ಪ್ರಯೋಗ ಸೋತಿತು ಅಂತ ಅನೇಕರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಲೆಯ ಬಗ್ಗೆ ತೀರ್ಪು ಕೊಡುವುದು ಬಲ್ಲವರ ಕೆಲಸ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆಗ ಒಬ್ಬ ಮನುಷ್ಯ ಸಾಮಾನ್ಯ ಜನರ ಕಡೆ ತಿರುಗಿ, ನಿಮಗೆ ಹೇಗನ್ನಿಸುತ್ತದೆ ಅಂತ ಕೇಳಿದ. ಅಷ್ಟೇ ದೊಡ್ಡ ಮಾತು. ಫೆಕ್ನರ್ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಬೇರೆ ಅಳತೆಯ ಹತ್ತು ಆಯತಗಳನ್ನು ಜನರ ಮುಂದಿಟ್ಟು, ಯಾವುದು ಚೆಂದ ಅಂತ ಆರಿಸಲು ಹೇಳಿದ. ಅಂದಾಜು ನೂರಕ್ಕೆ 35 ಮಂದಿ ಒಂದೇ ಆಯತದ ಮೇಲೆ ಕೈಯಿಟ್ಟರು. ಸುವರ್ಣ ಅನುಪಾತ ಅಂತಾರಲ್ಲ, ಅಗಲಕ್ಕಿಂತ ಉದ್ದ ಸುಮಾರು 1.6 ಪಟ್ಟು, ಆ ಅಳತೆಯದು. ಮುಂದೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಉತ್ತರ ಬರಲಿಲ್ಲ. ಆದರೂ ದಾರಿಯಂತೂ ತೆರೆಯಿತು.

ಬಾಯಿಂದ ಬರುವ ಉತ್ತರಕ್ಕೆ ಒಂದು ತೊಡಕಿದೆ. ಚಿತ್ರ ಹೇಗಿದೆ ಅಂತ ಕೇಳಿದರೆ ನಾವು ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತೇವೆ. ಕೇಳಿದವರಿಗೆ ಬೇಜಾರಾಗಬಾರದು, ನಮಗೆ ತಿಳಿಯದು ಅಂತಲೂ ಅನ್ನಿಸಬಾರದು, ಅಲ್ವಾ? ಹಾಗಾಗಿ ಕೆಲವರು ಬಾಯಿಯನ್ನು ಬಿಟ್ಟು ಕಣ್ಣನ್ನು ಹಿಡಿದರು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಮಾಡಿದ ಕೆಲಸ. ಅದನ್ನು ವಿವರಿಸಿದ ಪುಸ್ತಕ ರಷ್ಯನ್ ಭಾಷೆಯಲ್ಲಿ 1965ರಲ್ಲಿ ಬಂತು. ಕಣ್ಣುಗುಡ್ಡೆಗೆ ಅಂಟಿಕೊಳ್ಳುವ ಪುಟ್ಟ ಬಟ್ಟಲಿನಂಥ ಸಾಧನ. ಅದರ ಮೇಲೊಂದು ಚಿಕ್ಕ ಕನ್ನಡಿ. ಕನ್ನಡಿಗೆ ಬಿದ್ದ ಬೆಳಕು ಹೊರಳಿ ಹೋಗಿ ಫೋಟೋ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಕಣ್ಣು ಹೋದಲ್ಲೆಲ್ಲ ಗೆರೆಯೂ ಹೋಗುತ್ತದೆ. ರೆಪ್ಪೆ ಮುಚ್ಚದಂತೆ ಎತ್ತಿ ಅಂಟಿಸಬೇಕಿತ್ತು. ಕೂತವರಿಗೆ ಸುಖದ ಕೆಲಸವೇನಲ್ಲ.

ಯಾರ್ಬಸ್ ತೋರಿಸಿದ್ದು ರಷ್ಯಾದ ಚಿತ್ರಕಾರ ಇಲ್ಯಾ ರೇಪಿನ್‌ನ ಚಿತ್ರ. ಗಡೀಪಾರಾಗಿದ್ದ ಒಬ್ಬ ಯಾರಿಗೂ ಹೇಳದೆ ಮನೆಗೆ ಬಂದಿದ್ದಾನೆ. ಕೋಣೆಯ ನಡುವೆ ನಿಂತಿದ್ದಾನೆ. ತಾಯಿ ಕುರ್ಚಿಯಿಂದ ಏಳುತ್ತಿದ್ದಾಳೆ. ಮಕ್ಕಳು ಮೇಜಿನ ಬಳಿ ಇದ್ದಾರೆ. ಬಾಗಿಲಲ್ಲಿ ಕೆಲಸದವಳು. ಒಬ್ಬನೇ ನೋಡುಗನಿಗೆ ಇದೇ ಚಿತ್ರವನ್ನು ಏಳು ಸಲ ತೋರಿಸಲಾಯಿತು. ಪ್ರತಿ ಸಲವೂ ಮೂರು ನಿಮಿಷ. ಮೊದಲು ಏನೂ ಕೇಳದೆ, ಸುಮ್ನೆ ನೋಡು ಅಂದರು. ಆಮೇಲೆ ಸಲಕ್ಕೊಂದು ಪ್ರಶ್ನೆ. ಈ ಮನೆಯವರ ಸ್ಥಿತಿಗತಿ ಹೇಗಿದೆ ಅಂತ ಕೇಳಿದಾಗ ಕಣ್ಣು ಬಟ್ಟೆಬರೆ, ಮನೆಯ ಸಾಮಾನುಗಳ ಮೇಲೆ ಓಡಾಡಿತು. ಇವರ ವಯಸ್ಸೆಷ್ಟು ಅಂದಾಗ ಗೆರೆಗಳೆಲ್ಲ ಮುಖಗಳ ಮೇಲೆ ಗಂಟುಕಟ್ಟಿದವು. ಬಂದವನು ಎಷ್ಟು ಕಾಲ ಮನೆಯಿಂದ ದೂರ ಇದ್ದಿರಬಹುದು ಅಂದಾಗ ಕಣ್ಣು ಅವನ ಮುಖದಿಂದ ಮನೆಯವರ ಮುಖಕ್ಕೆ, ಅಲ್ಲಿಂದ ಮತ್ತೆ ಅವನ ಮುಖಕ್ಕೆ ಹೋಗಿಬಂತು.

ಚಿತ್ರ ಅದೇ. ನೋಡುವವನೂ ಅವನೇ. ಪ್ರಶ್ನೆ ಬದಲಾಯಿತು, ನೋಟವೂ ಬದಲಾಯಿತು. ಆ ಏಳು ಗೆರೆಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎದ್ದು ಕಾಣುತ್ತದೆ. ಜನರ ಮನಸ್ಸನ್ನು ಅಳೆಯಲು ಹೊರಟವರು ಮೊದಲು ತಮ್ಮ ಪ್ರಶ್ನೆಯನ್ನೇ ಪರೀಕ್ಷಿಸಿಕೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ. ಚಿತ್ರದಲ್ಲಿ ಏನಿದೆ ಅಂತ ಕೇಳಿ, ಬಂದ ಉತ್ತರವನ್ನು ಚಿತ್ರ ಎಷ್ಟು ಹಿಡಿಸಿತು ಎಂಬುದರ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಹಾಗಾದರೆ ಪ್ರಶ್ನೆಯೇ ಬೇಡ, ಬರೀ ಸಮಯ ಲೆಕ್ಕ ಹಾಕೋಣ ಅನ್ನಬಹುದು. ಅದನ್ನೂ ಮಾಡಿದ್ದಾರೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕಲಾಕೃತಿಯ ಮುಂದೆ ಜನ ಸರಾಸರಿ ನಿಂತದ್ದು ಸುಮಾರು 27 ಸೆಕೆಂಡ್. ಅರ್ಧದಷ್ಟು ಸಲ 17 ಸೆಕೆಂಡಿಗಿಂತ ಹೆಚ್ಚು ನಿಲ್ಲಲೇ ಇಲ್ಲ. ಇದನ್ನು ಕೇಳಿ ಜನಕ್ಕೆ ತಾಳ್ಮೆಯಿಲ್ಲ ಅಂತ ಬೈಯುವವರುಂಟು. ಅದು ಅನ್ಯಾಯ. ಸಾವಿರಾರು ಚಿತ್ರಗಳ ನಡುವೆ ನಡೆಯುವವರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲೇಬೇಕು. ಎಷ್ಟು ಹೊತ್ತು ನಿಂತರು ಎಂಬುದು ಗಡಿಯಾರಕ್ಕೆ ಗೊತ್ತು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಾಯಿತು ಎಂಬುದು ಅದಕ್ಕೆ ತಿಳಿಯದು.

ಮೈಯ ಬದಲಾವಣೆ ಅಳೆಯಲು ಬೆರಳಿಗೆ ಕಟ್ಟುವ ಸಾಧನವೊಂದಿದೆ, ಅದರದ್ದೂ ಇದೇ ಕಥೆ. ಮನಸ್ಸು ಕಲಕಿದಾಗ ಕೈಯಲ್ಲಿ ತೀರಾ ಸಣ್ಣಗೆ ಬೆವರು ಮೂಡುತ್ತದೆ, ಚರ್ಮದಲ್ಲಿ ವಿದ್ಯುತ್ ಸ್ವಲ್ಪ ಸಲೀಸಾಗಿ ಹರಿಯುತ್ತದೆ. ಒಂದೆರಡು ಸೆಕೆಂಡಿನಲ್ಲೇ ಯಂತ್ರದ ಗೆರೆ ಮೇಲೇಳುತ್ತದೆ. ಆದರೆ ಭಯವಾದರೂ ಏಳುತ್ತದೆ, ಸಂತೋಷವಾದರೂ ಏಳುತ್ತದೆ. ಯಾವುದು ಅಂತ ತಿಳಿಯಲು ಮತ್ತೆ ಆ ಮನುಷ್ಯನನ್ನೇ ಕೇಳಬೇಕು. ಆದ್ದರಿಂದ ಮೈಯ ಲೆಕ್ಕ, ಬಾಯಿಯ ಮಾತು ಎರಡೂ ಜೊತೆಗಿರಬೇಕು. ಒಂದನ್ನೇ ನಂಬಿದ ವರದಿ ಎಷ್ಟೇ ಬಣ್ಣಬಣ್ಣದ ನಕ್ಷೆಗಳಿಂದ ತುಂಬಿದ್ದರೂ ನನಗೆ ಅರ್ಧ ಸತ್ಯವಾಗಿಯೇ ಕಾಣುತ್ತದೆ.

ಕೇಳುಗರೇ, ಚಿತ್ರ ಬೇಡವೆನಿಸಿದರೆ ಬಿಟ್ಟು ಮುಂದೆ ಹೋಗಬಹುದು. ಸುತ್ತಲಿನ ಜಾಗ ಹಾಗಲ್ಲ. ಮಂಚದ ಮೇಲೆ ಮಲಗಿದ ರೋಗಿ ಎದ್ದು ಹೋಗುವಂತಿಲ್ಲ. ಹಾಗಾಗಿ ಈ ಅಳತೆ ನಿಜವಾಗಿ ಬೇಕಾಗಿರುವುದು ಇಂಥ ಕಡೆಯೇ.

ಅಮೆರಿಕದ ಸಂಶೋಧಕ ರೋಜರ್ ಉಲ್ರಿಕ್ 1984ರಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ದಾಖಲೆಗಳನ್ನು ತೆಗೆದರು. 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ 46 ಜನರನ್ನು ಆರಿಸಿ, ಒಬ್ಬರಿಗೊಬ್ಬರು ಹೊಂದುವಂತೆ 23 ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರಿಗೆ ಇಟ್ಟಿಗೆಯ ಗೋಡೆ. ಮರಗಳಲ್ಲಿ ಎಲೆ ತುಂಬಿರುವ ತಿಂಗಳುಗಳ ದಾಖಲೆಗಳನ್ನು ಮಾತ್ರ ತೆಗೆದುಕೊಂಡರು. ಮರ ಕಂಡವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು. ಗೋಡೆ ಕಂಡವರು 8.70 ದಿನ. ಜೋರಾದ ನೋವು ನಿವಾರಕಗಳೂ ಗೋಡೆಯ ಕಡೆಯವರಿಗೇ ಜಾಸ್ತಿ ಬೇಕಾದವು. ಅವರು ಅಳುತ್ತಿದ್ದಾರೆ, ಧೈರ್ಯ ತುಂಬಬೇಕು ಎಂಬಂಥ ಟಿಪ್ಪಣಿಗಳನ್ನು ನರ್ಸ್‌ಗಳು ಹೆಚ್ಚಾಗಿ ಬರೆದಿದ್ದರು.

ಇಲ್ಲಿ ಯಾರೂ ರೋಗಿಗಳಿಗೆ ಕಿಟಕಿಯ ಬಗ್ಗೆ ಪ್ರಶ್ನೆ ಕೇಳಲಿಲ್ಲ. ಪ್ರಶ್ನೆಯಿಂದ ನೋಟ ಬದಲಾಗುವ ಮಾತೇ ಬರಲಿಲ್ಲ. ಟಿಪ್ಪಣಿ ಬರೆದ ನರ್ಸ್‌ಗಳಿಗೂ ಮುಂದೊಂದು ದಿನ ಇದನ್ನು ಯಾರೋ ಲೆಕ್ಕ ಹಾಕುತ್ತಾರೆ ಅಂತ ಗೊತ್ತಿರಲಿಲ್ಲ. ಯಾರ್ಬಸ್ ತೋರಿಸಿದ ತೊಡಕನ್ನು ಉಲ್ರಿಕ್ ದಾಟಿದ್ದು ಹೀಗೆ. 46 ಜನ, ಒಂದೇ ಆಸ್ಪತ್ರೆ, ಒಂದೇ ಬಗೆಯ ಶಸ್ತ್ರಚಿಕಿತ್ಸೆ. ಅಷ್ಟರಿಂದ ಎಲ್ಲವನ್ನೂ ಹೇಳಲಾಗದು. ಮರ ಒಳ್ಳೆಯದು ಮಾಡಿತೋ, ಗೋಡೆ ಕೆಟ್ಟದ್ದು ಮಾಡಿತೋ ಎಂಬುದೂ ಅದರಿಂದ ತಿಳಿಯುವುದಿಲ್ಲ. ಆದರೂ ಆಸ್ಪತ್ರೆಯ ನಕ್ಷೆ ಬರೆಯುವವರು ಇದನ್ನು ಕೇಳಿಸಿಕೊಳ್ಳಲೇಬೇಕು. ಪ್ರತಿ ಮಂಚದಿಂದ ಕಿಟಕಿಗೊಂದು ಗೆರೆ ಎಳೆದು, ಮಲಗಿದವರಿಗೆ ಏನು ಕಾಣುತ್ತದೆ ಅಂತ ಕಟ್ಟುವ ಮೊದಲೇ ನೋಡಿಕೊಳ್ಳಬಹುದು. ಅದಕ್ಕೆ ಯಂತ್ರ ಬೇಕಿಲ್ಲ, ಪೆನ್ಸಿಲ್ ಸಾಕು.

ನಮಸ್ಕಾರ.