ಕೆಲಸದ ನಡುವೆ ಆಫ್ ಆಗುವ ಕಂಪ್ಯೂಟರ್

ಶ್ರೋತೃಗಳಿಗೆ ನಮಸ್ಕಾರ. ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಸೊಸೈಟಿ ಕಚೇರಿ, ಹೀಗೆ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ನಂಬಿ ದಿನ ದೂಡುವವರಿಗಾಗಿ ಈ ಮಾತು. ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಆನ್ ಆದರೆ, ನೀಲಿ ಪರದೆ ಬಂದರೆ, ಎಲ್ಲರೂ ಮೊದಲು ಹೇಳುವುದು ‘ಫಾರ್ಮ್ಯಾಟ್ ಮಾಡಿಕೊಡಿ’ ಎಂದು. ದಯವಿಟ್ಟು ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ನಾನು ಹೇಳಬೇಕಾದದ್ದು ಇಷ್ಟೇ.

ನಮ್ಮ ತಾಲ್ಲೂಕು ಕೇಂದ್ರದ ಒಂದು ಡಿಟಿಪಿ ಅಂಗಡಿ. ಮದುವೆಗಳ ಕಾಲ. ಲಗ್ನಪತ್ರಿಕೆ ಜೋಡಿಸುತ್ತಿರುವಾಗಲೇ ಕಂಪ್ಯೂಟರ್ ಆಫ್ ಆಗುತ್ತಿತ್ತು. ರಿಪೇರಿಗೆ ಬಂದವರು ಒಂದೇ ಮಧ್ಯಾಹ್ನದಲ್ಲಿ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಬದಲಿಸಿದರು, ಒಳಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಬದಲಿಸಿದರು, ವಿಂಡೋಸನ್ನೂ ಹೊಸದಾಗಿ ಹಾಕಿದರು. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಮತ್ತೆ ಅದೇ ಗೋಳು. ‘ಸರ್, ಇನ್ನು ಹೊಸದನ್ನೇ ಕೊಳ್ಳಬೇಕೇ?’ ಎಂದು ಅಂಗಡಿಯ ಒಡತಿ ಕೇಳಿದಾಗ ಅವರ ದನಿ ಸೋತಿತ್ತು.

ನಾನು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕಿವಿಗೊಟ್ಟೆ. ಒಂದು ಗಂಟೆಯಲ್ಲಿ ಮೂರು ಸಲ ಆಫ್ ಆಯಿತು. ಮೂರೂ ಸಲ, ಅದಕ್ಕೆ ತುಸು ಮುಂಚೆ, ಮೇಜಿನ ಕೆಳಗಿದ್ದ, ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಯುಪಿಎಸ್ ‘ಟಿಕ್’ ಎಂದಿತ್ತು. ಅದಕ್ಕೂ ಮುಂಚೆ ಪಕ್ಕದ ಜೆರಾಕ್ಸ್ ಯಂತ್ರ ಕೆಲಸ ಶುರುಮಾಡಿತ್ತು. ಆ ಯಂತ್ರದೊಳಗೆ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಹೀಟರ್ ಇದೆ. ಅದು ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. 230 ವೋಲ್ಟ್ ಇರಬೇಕಾದ ಲೈನು ಕುಸಿಯುತ್ತದೆ. ಯುಪಿಎಸ್ ಕೂಡಲೇ ಬ್ಯಾಟರಿಗೆ ಹೊರಳುತ್ತದೆ. ಆ ಬ್ಯಾಟರಿಗೆ ಐದು ವರ್ಷ ದಾಟಿತ್ತು! ಕಂಪ್ಯೂಟರಿನ ಭಾರ ಹೊರಲಾರದೆ ಅದು ಕೈಕೊಡುತ್ತಿರಬೇಕು.

ಅನುಮಾನ ಸಾಲದು, ಸಾಬೀತಾಗಬೇಕು. ಬೇರೇನನ್ನೂ ಮುಟ್ಟದೆ ಕಂಪ್ಯೂಟರಿನ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ಗೋಡೆಯ ಸಾಕೆಟ್ಟಿಗೆ ಹಾಕಿದೆ. ಸಂಜೆಯವರೆಗೂ ಜೆರಾಕ್ಸ್ ಓಡಿತು, ಕಂಪ್ಯೂಟರ್ ಅಲುಗಲಿಲ್ಲ. ಮತ್ತೆ ಯುಪಿಎಸ್‌ಗೆ ಹಾಕಿದೆ, ಆಫ್ ಆಯಿತು. ಹಾಗಾದರೆ ಆ ಎರಡು ದಿನ ಸುಮ್ಮನಿದ್ದದ್ದೇಕೆ? ವಿಚಾರಿಸಿದೆ. ಟೋನರ್ ಮುಗಿದು ಜೆರಾಕ್ಸ್ ನಿಂತಿತ್ತಂತೆ. ಆಮೇಲೆ ಹಳೆಯ ರ‍್ಯಾಮ್, ಹಳೆಯ ಎಸ್‌ಎಂಪಿಎಸ್ ಎರಡನ್ನೂ ಒಂದೊಂದಾಗಿ ಹಾಕಿ ನೋಡಿದೆ. ಎರಡೂ ಸರಿಯಾಗಿದ್ದವು. ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾರಿಗೂ ಏನೂ ತಿಳಿದಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಒಂದು ಸಲಕ್ಕೆ ಒಂದೇ.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಭಾರದ ಕೆಲಸ ಕೊಟ್ಟಾಗ ಮಾತ್ರ ಆಫ್ ಆದರೆ ಪ್ರೊಸೆಸರ್ ಫ್ಯಾನಿನ ಧೂಳನ್ನೂ ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರುವುದನ್ನೂ ನೋಡಿ. ಪ್ರತಿ ಸಲ ಬೇರೆ ಬೇರೆ ಎರರ್ ಬಂದರೆ ಮೊದಲ ಗುಮಾನಿ ರ‍್ಯಾಮ್ ಮೇಲಿರಲಿ. ಪ್ಲಗ್ ಕಿತ್ತು, ಅದರ ಪಟ್ಟಿಗಳು ಎರಡಿದ್ದರೆ ಒಂದನ್ನು ತೆಗೆದಿಟ್ಟು, ಮತ್ತೆ ಪ್ಲಗ್ ಹಾಕಿ ಒಂದು ದಿನ ಓಡಿಸಿ. ಮರುದಿನ ಅದಲುಬದಲು ಮಾಡಿ. ಎಸ್‌ಎಂಪಿಎಸ್‌ನ 12 ವೋಲ್ಟಿನ ತಂತಿ ಕೆಲಸದ ಹೊತ್ತಿನಲ್ಲಿ 11.4ಕ್ಕಿಂತ ಕೆಳಗಿಳಿದರೆ ಅದನ್ನು ಬದಲಿಸಲೇಬೇಕು. ಆದರೆ ಅದರ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇವತ್ತೇ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಆಫ್ ಆದ ಹೊತ್ತು, ಆಗ ಓಡುತ್ತಿದ್ದ ಯಂತ್ರ, ಕೇಳಿಸಿದ ಸದ್ದು, ಎಲ್ಲವನ್ನೂ ಬರೆಯಿರಿ. ರಿಪೇರಿಯವರು ಬಂದಾಗ ಮೊದಲು ಅದನ್ನು ಅವರ ಕೈಗೆ ಕೊಡಿ. ನಮಸ್ಕಾರ.